ಮುಖಚರ್ಮದ ಆರೈಕೆ

ಮುಖಚರ್ಮದ ಆರೈಕೆ ಎಂದರೆ ಮುಖದ ಚರ್ಮವನ್ನು ಶುಚಿಯಾಗಿಡಲು, ಅದರ ತೇವವನ್ನು ಕಾಪಾಡಲು ಹಾಗೂ ಬಿಸಿಲಿನ ಹಾನಿಯಿಂದ ರಕ್ಷಿಸಲು ಪ್ರತಿದಿನವೂ ಕ್ರಮವಾಗಿ ಕೈಗೊಳ್ಳುವ ಕಾರ್ಯಗಳ ಸಮೂಹ. ಈ ಕಾರ್ಯಗಳನ್ನು ಬೆಳಿಗ್ಗೆ ಮತ್ತು ರಾತ್ರಿ ಒಂದು ನಿಶ್ಚಿತ ಅನುಕ್ರಮದಲ್ಲಿ ಅನುಸರಿಸುವುದನ್ನು ಆರೈಕೆಯ ದಿನಚರಿ ಎನ್ನಲಾಗುತ್ತದೆ. ಶುಚಿಕಾರಕ, ತೇವಕಾರಕ (ಮಾಯಿಶ್ಚರೈಸರ್) ಮತ್ತು ಬಿಸಿಲು ತಡೆಯುವ ಲೇಪ (ಸನ್‌ಸ್ಕ್ರೀನ್) ಇವು ಮೂರು ಅದರ ಮೂಲ ಅಂಗಗಳು. ಮೊಡವೆ, ಕಲೆ, ಸುಕ್ಕು ಮೊದಲಾದ ನಿರ್ದಿಷ್ಟ ತೊಂದರೆಗಳಿಗೆ ಬಳಸುವ ಸಕ್ರಿಯ ಘಟಕಗಳು ಇವುಗಳ ಮೇಲೆ ಸೇರಿಕೊಳ್ಳುತ್ತವೆ.

ಒಬ್ಬರ ಚರ್ಮಕ್ಕೆ ಒಗ್ಗಿದ ಉತ್ಪನ್ನ ಇನ್ನೊಬ್ಬರಿಗೆ ಒಗ್ಗದಿರಬಹುದು. ಆದ್ದರಿಂದ ದಿನಚರಿಯನ್ನು ರೂಪಿಸುವಾಗ ಉತ್ಪನ್ನಗಳ ಸಂಖ್ಯೆಗಿಂತ ಅವುಗಳನ್ನು ಒಂದೊಂದಾಗಿ, ಸಾಕಷ್ಟು ಕಾಲಾವಕಾಶ ಕೊಟ್ಟು ಪರೀಕ್ಷಿಸುವ ಕ್ರಮವೇ ಮುಖ್ಯವಾಗುತ್ತದೆ. ಭಾರತದಲ್ಲಿ ಈ ವಿಷಯಕ್ಕೆ ಮತ್ತೊಂದು ಮುಖವಿದೆ. ವೈದ್ಯರ ಚೀಟಿಯಿಲ್ಲದೆ ಮಾರಾಟವಾಗುವ ಸ್ಟೀರಾಯ್ಡ್ ಮುಲಾಮುಗಳನ್ನೂ ಪಾದರಸ ಬೆರೆತ ಕ್ರೀಮುಗಳನ್ನೂ ‘ಬಿಳುಪಿನ ಕ್ರೀಮು’ ಎಂದು ಭಾವಿಸಿ ದಿನವೂ ಹಚ್ಚಿಕೊಂಡು ಶಾಶ್ವತ ಹಾನಿಗೆ ಒಳಗಾದವರು ಅನೇಕರಿದ್ದಾರೆ.

ಚರ್ಮದ ರಚನೆ

ಚರ್ಮದಲ್ಲಿ ಹೊರಚರ್ಮ, ಒಳಚರ್ಮ ಮತ್ತು ಅದರ ಕೆಳಗಿನ ಕೊಬ್ಬಿನ ಪದರ ಎಂಬ ಮೂರು ಮುಖ್ಯ ಭಾಗಗಳಿವೆ. ಹೊರಚರ್ಮದ ತುದಿಯಲ್ಲಿರುವ ನಿರ್ಜೀವ ಕೋಶಗಳ ಪದರವು ತಲೆಗೂದಲಿನ ಎಳೆಗಿಂತಲೂ ತೆಳುವಾಗಿದ್ದರೂ ದೇಹದ ನೀರು ಆವಿಯಾಗಿ ಹೋಗದಂತೆ, ಹೊರಗಿನ ರಾಸಾಯನಿಕಗಳೂ ಸೂಕ್ಷ್ಮಜೀವಿಗಳೂ ಒಳನುಗ್ಗದಂತೆ ತಡೆಯುತ್ತದೆ. ಇದನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದು ವಾಡಿಕೆ. ಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವೆ ಗಾರೆಯಂತೆ ತುಂಬಿರುವುದು ಸೆರಮೈಡ್, ಕೊಲೆಸ್ಟರಾಲ್ ಮತ್ತು ಮೇದಾಮ್ಲಗಳಿಂದಾದ ಜಿಡ್ಡು. ಈ ಗಾರೆ ಕರಗಿದಾಗ ಚರ್ಮ ಒಣಗುತ್ತದೆ, ಉರಿಯುತ್ತದೆ, ಮುಟ್ಟಿದ್ದಕ್ಕೆಲ್ಲ ಪ್ರತಿಕ್ರಿಯೆ ತೋರತೊಡಗುತ್ತದೆ. ಈ ಸ್ಥಿತಿಯನ್ನು ಚರ್ಮದ ತಡೆಗೋಡೆ ಕೆಟ್ಟಿದೆ ಎಂದು ವಿವರಿಸಲಾಗುತ್ತದೆ.

ಆರೋಗ್ಯಕರ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿರುತ್ತದೆ. ಅದರ ಪಿಎಚ್ ಮೌಲ್ಯ ಸಾಮಾನ್ಯವಾಗಿ 4.5ರಿಂದ 5.5ರ ಆಸುಪಾಸಿನಲ್ಲಿದೆ. ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಬಂದು ಉದುರಿಹೋಗಲು ಸುಮಾರು ನಾಲ್ಕರಿಂದ ಆರು ವಾರಗಳು ಬೇಕು. ವಯಸ್ಸಾದಂತೆ ಈ ಅವಧಿ ಹೆಚ್ಚುತ್ತದೆ. ಯಾವುದೇ ಲೇಪದ ಫಲವನ್ನು ಎರಡು ಮೂರು ದಿನಗಳಲ್ಲಿ ನಿರ್ಣಯಿಸಲಾಗದಿರುವುದಕ್ಕೆ ಇದು ಒಂದು ಕಾರಣ.

ಚರ್ಮದ ಬಣ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಮೆಲನಿನ್ ಎಂಬ ವರ್ಣದ್ರವ್ಯ. ಇದು ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಕೋಶಗಳ ಕೇಂದ್ರವನ್ನು ರಕ್ಷಿಸುತ್ತದೆ. ಮೆಲನಿನ್ ಹೆಚ್ಚಿರುವ ಚರ್ಮ ಬಿಸಿಲಿಗೆ ಬೇಗ ಸುಡುವುದಿಲ್ಲ. ಆದರೆ ಮೊಡವೆ, ಗಾಯ ಅಥವಾ ಉರಿಯೂತ ಮಾಸಿದ ಮೇಲೆ ಅಂತಹ ಚರ್ಮದಲ್ಲಿ ಕಪ್ಪು ಕಲೆ ಉಳಿಯುವುದು ಹೆಚ್ಚು. ಆದ್ದರಿಂದ ಭಾರತೀಯರ ಚರ್ಮದ ಆರೈಕೆಯಲ್ಲಿ ಉರಿ ಎಬ್ಬಿಸದಿರುವುದೇ ಕಲೆ ತಡೆಯುವ ಮೊದಲ ಉಪಾಯವಾಗಿದೆ.

ಇತಿಹಾಸ

ಮುಖಕ್ಕೆ ಲೇಪ ಹಚ್ಚುವ ಪದ್ಧತಿ ಪ್ರಾಚೀನವಾದುದು. ಚರಕ ಸಂಹಿತೆಯು ಮೈಬಣ್ಣಕ್ಕೆ ಹಿತವಾದ ಹತ್ತು ದ್ರವ್ಯಗಳ ಗುಂಪನ್ನು ‘ವರ್ಣ್ಯ’ ಎಂದು ಹೆಸರಿಸಿದೆ. ಚಂದನ, ಲಾವಂಚ, ಮಂಜಿಷ್ಠ, ಯಷ್ಟಿಮಧು ಮೊದಲಾದವು ಅದರಲ್ಲಿವೆ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನವು ಮುಖಲೇಪಗಳನ್ನು ದೋಷ ನಿವಾರಿಸುವವು, ವಿಷ ನಿವಾರಿಸುವವು, ಕಾಂತಿ ಕೊಡುವವು ಎಂದು ಮೂರು ಬಗೆಯಾಗಿ ವಿಂಗಡಿಸಿ, ಆರು ಋತುಗಳಿಗೆ ಬೇರೆ ಬೇರೆ ಲೇಪಗಳನ್ನು ಹೇಳುತ್ತದೆ. ಲೇಪವನ್ನು ಮುಖದ ಮೇಲೆ ಒಣಗಲು ಬಿಡಬಾರದು, ಒಣಗಿದರೆ ಅದು ಚರ್ಮದ ಕಾಂತಿಯನ್ನು ಕೆಡಿಸುತ್ತದೆ, ಒದ್ದೆ ಮಾಡಿಯೇ ತೆಗೆಯಬೇಕು ಎಂಬ ಸೂಚನೆಯೂ ಅಲ್ಲಿದೆ.

ಪಶ್ಚಿಮದಲ್ಲಿ ಜೇನುಮೇಣ, ಎಣ್ಣೆ ಮತ್ತು ನೀರನ್ನು ಬೆರೆಸಿ ಮಾಡುವ ಕೋಲ್ಡ್ ಕ್ರೀಮಿನ ರಚನೆಯನ್ನು ಕ್ರಿ.ಶ. 2ನೇ ಶತಮಾನದ ವೈದ್ಯ ಗ್ಯಾಲನ್‌ನ ಹೆಸರಿಗೆ ಸಲ್ಲಿಸುವ ಪರಂಪರೆಯಿದೆ. ಭಾರತದ ಮನೆಗಳಲ್ಲಿ ಮುಖ ಮೈ ತೊಳೆಯಲು ಬಹುಕಾಲ ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿಗಳನ್ನೇ ಬಳಸುತ್ತಿದ್ದರು. 20ನೇ ಶತಮಾನದಲ್ಲಿ ಕಾರ್ಖಾನೆಯ ಸಾಬೂನು ಆ ಸ್ಥಾನಕ್ಕೆ ಬಂದಿತು. ಮೈಸೂರು ಸಂಸ್ಥಾನವು 1916ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಬೂನು ಕಾರ್ಖಾನೆ ಈ ಬದಲಾವಣೆಯ ಒಂದು ಘಟ್ಟ.

ಆಧುನಿಕ ಆರೈಕೆಯ ಬುನಾದಿ ಹಾಕಿದ ಬೆಳವಣಿಗೆಗಳು 20ನೇ ಶತಮಾನದ ಉತ್ತರಾರ್ಧದವು. ಕ್ಷಾರಗುಣವಿಲ್ಲದ ಸಂಶ್ಲೇಷಿತ ಶುಚಿಕಾರಕಗಳು 1950ರ ದಶಕದಲ್ಲಿ ಜನಪ್ರಿಯವಾದವು. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಫ್ರಾನ್ಸ್ ಗ್ರೈಟರ್ ಬಿಸಿಲು ರಕ್ಷಣಾ ಮಾನ, ಅಂದರೆ ಎಸ್‌ಪಿಎಫ್ ಅಳತೆಯನ್ನು ಪ್ರಚಾರಕ್ಕೆ ತಂದರು. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಎ ಜೀವಸತ್ವದಿಂದ ಬಂದ ಟ್ರೆಟಿನಾಯಿನ್ ಮೊಡವೆಗೆ ಉಪಯುಕ್ತವೆಂದು 1969ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ ಅವರು ನಡೆಸಿದ ಪ್ರಯೋಗಗಳು ಮುಂದೆ ವೈದ್ಯಕೀಯ ನೀತಿಯ ಉಲ್ಲಂಘನೆಯೆಂದು ತೀವ್ರ ಖಂಡನೆಗೆ ಗುರಿಯಾದವು.

ಚರ್ಮದ ಬಗೆಗಳು

ವ್ಯಾವಹಾರಿಕವಾಗಿ ಮುಖದ ಚರ್ಮವನ್ನು ಹೀಗೆ ವಿಂಗಡಿಸಲಾಗುತ್ತದೆ.

ಎಣ್ಣೆ ಚರ್ಮ: ತೊಳೆದ ಕೆಲವೇ ಗಂಟೆಗಳಲ್ಲಿ ಮುಖವೆಲ್ಲ ಜಿಡ್ಡಾಗುತ್ತದೆ. ರಂಧ್ರಗಳು ದೊಡ್ಡದಾಗಿ ಕಾಣುತ್ತವೆ. ಮೊಡವೆಯ ಸಾಧ್ಯತೆ ಹೆಚ್ಚು.

ಒಣ ಚರ್ಮ: ತೊಳೆದ ಬಳಿಕ ಬಿಗಿದಂತಾಗುತ್ತದೆ. ಹೊಟ್ಟು ಏಳುತ್ತದೆ. ಚಳಿಗಾಲದಲ್ಲಿ ತೊಂದರೆ ಹೆಚ್ಚುತ್ತದೆ.

ಮಿಶ್ರ ಚರ್ಮ: ಹಣೆ, ಮೂಗು, ಗಲ್ಲಗಳಲ್ಲಿ ಜಿಡ್ಡು, ಕೆನ್ನೆಗಳಲ್ಲಿ ಶುಷ್ಕತೆ.

ಸಾಮಾನ್ಯ ಚರ್ಮ: ಜಿಡ್ಡು, ಶುಷ್ಕತೆ ಎರಡೂ ಮಿತಿಯಲ್ಲಿರುತ್ತವೆ.

ಸೂಕ್ಷ್ಮ ಚರ್ಮ: ಮೇಲಿನ ಯಾವ ಬಗೆಯೊಂದಿಗಾದರೂ ಕೂಡಿರಬಹುದು. ಉರಿ, ತುರಿಕೆ, ಕೆಂಪಾಗುವಿಕೆ ಬೇಗ ಕಾಣಿಸಿಕೊಳ್ಳುತ್ತವೆ.

ಚರ್ಮದ ಬಗೆಯನ್ನು ತಿಳಿಯಲು ಸರಳವಾದ ಒಂದು ವಿಧಾನವಿದೆ. ಸೌಮ್ಯವಾದ ಶುಚಿಕಾರಕದಿಂದ ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಟ್ಟು, ಎಲ್ಲಿ ಜಿಡ್ಡಿದೆ, ಎಲ್ಲಿ ಬಿಗಿದಿದೆ ಎಂಬುದನ್ನು ಗಮನಿಸುವುದು. ಈ ಬಗೆ ಸ್ಥಿರವಾದುದಲ್ಲ. ವಯಸ್ಸು, ಋತು, ವಾಸದ ಸ್ಥಳ, ಹಾರ್ಮೋನುಗಳ ಏರಿಳಿತ ಇವುಗಳಿಂದ ಬದಲಾಗುತ್ತದೆ. ಕರಾವಳಿಯ ಆರ್ದ್ರ ಹವೆಯಲ್ಲಿ ಭಾರವೆನಿಸಿದ ಕ್ರೀಮು ಕಲಬುರಗಿಯ ಒಣ ಚಳಿಗಾಲದಲ್ಲಿ ಹಿತವೆನಿಸಬಹುದು.

ಬಿಸಿಲಿಗೆ ಚರ್ಮ ತೋರುವ ಪ್ರತಿಕ್ರಿಯೆಯನ್ನು ಆಧರಿಸಿದ ಇನ್ನೊಂದು ವರ್ಗೀಕರಣವನ್ನು ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದರು. ಇಂದು ಬಳಕೆಯಲ್ಲಿರುವ ಅದರ ರೂಪದಲ್ಲಿ ಆರು ವರ್ಗಗಳಿವೆ. ಭಾರತೀಯರಲ್ಲಿ ಬಹುಪಾಲು ಜನ 3ರಿಂದ 6ರವರೆಗಿನ ವರ್ಗಗಳಿಗೆ ಸೇರುತ್ತಾರೆ.

ದಿನಚರಿಯ ಮೂಲ ಹಂತಗಳು

ಶುಚಿಗೊಳಿಸುವುದು

ದಿನಕ್ಕೆ ಎರಡು ಬಾರಿ ಮುಖ ತೊಳೆಯುವುದು ಸಾಮಾನ್ಯವಾಗಿ ಸಾಕು. ಹೆಚ್ಚು ಬೆವರಿದಾಗ ಇನ್ನೊಮ್ಮೆ ತೊಳೆಯಬಹುದು. ಒಣ ಚರ್ಮದವರು ಬೆಳಿಗ್ಗೆ ಬರಿಯ ನೀರಿನಿಂದ ತೊಳೆದರೂ ಆದೀತು. ಸಾಂಪ್ರದಾಯಿಕ ಸಾಬೂನಿನ ಪಿಎಚ್ ಸಾಮಾನ್ಯವಾಗಿ 9ರಿಂದ 10ರಷ್ಟಿದ್ದು, ಕೊಳೆಯ ಜೊತೆಗೆ ಚರ್ಮದ ಸ್ವಂತ ಜಿಡ್ಡನ್ನೂ ತೆಗೆದುಬಿಡುತ್ತದೆ. ಕೊಳವೆಬಾವಿಯ ಗಡಸು ನೀರಿನೊಡನೆ ಸಾಬೂನು ಸೇರಿದಾಗ ಚೆನ್ನಾಗಿ ಕರಗದ ಮಡ್ಡಿ ಉಂಟಾಗಿ ಚರ್ಮದ ಮೇಲೆ ಉಳಿಯುತ್ತದೆ. ತೊಳೆದ ನಂತರ ಚರ್ಮ ‘ಕಿರುಗುಟ್ಟುವಷ್ಟು’ ಶುಚಿಯಾಗಬೇಕೆಂಬ ಭಾವನೆ ತಪ್ಪು. ಬಿಗಿತ ಉಂಟಾಯಿತೆಂದರೆ ಶುಚಿಕಾರಕ ಕಟುವಾಗಿದೆ ಎಂದರ್ಥ. ಬೆಚ್ಚಗಿನ ಅಥವಾ ತಣ್ಣೀರು ಬಳಸಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿಕೊಳ್ಳುವುದು ಸೂಕ್ತ.

ತೇವ ಕಾಪಾಡುವುದು

ತೇವಕಾರಕಗಳಲ್ಲಿ ಮೂರು ಬಗೆಯ ವಸ್ತುಗಳಿರುತ್ತವೆ. ಗ್ಲಿಸರಿನ್, ಹೈಅಲುರಾನಿಕ್ ಆಮ್ಲಗಳಂಥವು ನೀರನ್ನು ಹಿಡಿದಿಡುತ್ತವೆ. ಸೆರಮೈಡ್ ಮತ್ತು ಸಸ್ಯಜನ್ಯ ಎಣ್ಣೆಗಳು ಕೋಶಗಳ ನಡುವಿನ ಬಿರುಕನ್ನು ತುಂಬುತ್ತವೆ. ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್ ಮೊದಲಾದವು ಮೇಲೆ ಹೊದಿಕೆಯಂತೆ ನಿಂತು ನೀರು ಆವಿಯಾಗದಂತೆ ತಡೆಯುತ್ತವೆ. ಎಣ್ಣೆ ಚರ್ಮಕ್ಕೆ ಜೆಲ್ ಅಥವಾ ತೆಳು ಲೋಷನ್, ಒಣ ಚರ್ಮಕ್ಕೆ ಗಟ್ಟಿ ಕ್ರೀಮು ಹೊಂದುತ್ತದೆ. ಮುಖ ಇನ್ನೂ ತುಸು ಒದ್ದೆಯಿರುವಾಗಲೇ ಹಚ್ಚಿದರೆ ಪರಿಣಾಮ ಹೆಚ್ಚು. ಎಣ್ಣೆ ಚರ್ಮಕ್ಕೆ ತೇವಕಾರಕ ಬೇಡವೆಂಬುದು ಸರಿಯಲ್ಲ. ಮೊಡವೆಯ ಔಷಧಗಳಲ್ಲಿ ಹಲವು ಚರ್ಮವನ್ನು ಒಣಗಿಸುವುದರಿಂದ ಅಂಥವರಿಗೂ ಅದು ಬೇಕಾಗುತ್ತದೆ.

ಬಿಸಿಲಿನಿಂದ ರಕ್ಷಣೆ

ಅಕಾಲ ಸುಕ್ಕು, ಬಂಗು ಮತ್ತು ಕಲೆಗಳಿಗೆ ಬಿಸಿಲು ಪ್ರಮುಖ ಕಾರಣಗಳಲ್ಲೊಂದು. ಅತಿನೇರಳೆ ಬಿ ಕಿರಣಗಳು ಚರ್ಮವನ್ನು ಸುಡುತ್ತವೆ. ಎ ಕಿರಣಗಳು ಆಳಕ್ಕಿಳಿದು ಮುಪ್ಪನ್ನು ತರುತ್ತವೆ, ಕಿಟಕಿಯ ಗಾಜಿನ ಮೂಲಕವೂ ಹಾದುಬರುತ್ತವೆ. 28 ವರ್ಷ ಸರಕು ವಾಹನ ಓಡಿಸಿದ ಅಮೆರಿಕದ 69 ವರ್ಷದ ಚಾಲಕರೊಬ್ಬರ ಮುಖದ ಚಿತ್ರವು 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಬಲಗೆನ್ನೆಗಿಂತ ಬಹಳ ಹೆಚ್ಚು ಸುಕ್ಕುಗಟ್ಟಿತ್ತು.

ಆಸ್ಟ್ರೇಲಿಯಾದ ನಾಂಬೂರ್ ಪಟ್ಟಣದಲ್ಲಿ 55 ವರ್ಷದೊಳಗಿನ 903 ವಯಸ್ಕರನ್ನು ಒಳಗೊಂಡ ಅಧ್ಯಯನವೊಂದು 1992ರಿಂದ 1996ರವರೆಗೆ ನಡೆದು, ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಇಷ್ಟ ಬಂದಾಗ ಹಚ್ಚಿದವರಿಗಿಂತ, ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ ಕಂಡುಬಂದಿತು.

ಪ್ರಯೋಗಾಲಯದ ಅಳತೆಯಂತೆ ಎಸ್‌ಪಿಎಫ್ 15 ಬಿ ಕಿರಣಗಳಲ್ಲಿ ಸುಮಾರು ಶೇ. 93ರಷ್ಟನ್ನು, 30 ಸುಮಾರು ಶೇ. 97ರಷ್ಟನ್ನು, 50 ಸುಮಾರು ಶೇ. 98ರಷ್ಟನ್ನು ತಡೆಯುತ್ತದೆ. 30ರ ಮೇಲಿನ ಅಂಕಿಗಳ ನಡುವಣ ವ್ಯತ್ಯಾಸ ಕಡಿಮೆ. ಹಚ್ಚುವ ಪ್ರಮಾಣದಿಂದ ಆಗುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಈ ಅಂಕಿಗಳು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ ಮಾತ್ರ ಅನ್ವಯಿಸುತ್ತವೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆಯಾಗಿ ಹಾಕಿಕೊಂಡ ಲೇಪವು ಮುಖ ಮತ್ತು ಕತ್ತಿಗೆ ಸರಿಸುಮಾರು ಸಾಕಾಗುವ ಪ್ರಮಾಣ. ಎ ಕಿರಣಗಳಿಂದ ರಕ್ಷಣೆಯನ್ನು ‘ಪಿಎ’ ಗುರುತಿನ ಮುಂದಿನ ಕೂಡಿಸು ಚಿಹ್ನೆಗಳು ಸೂಚಿಸುತ್ತವೆ. ಬಯಲಿನಲ್ಲಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೊಡೆ, ಅಗಲ ಅಂಚಿನ ಟೋಪಿ, ಸೆರಗು ಇವೂ ಪರಿಣಾಮಕಾರಿ ಸಾಧನಗಳೇ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುವುದರಿಂದ ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ.

ಸಕ್ರಿಯ ಘಟಕಗಳು

ಮೂಲ ಹಂತಗಳು ರೂಢಿಯಾದ ಮೇಲಷ್ಟೇ ಸಕ್ರಿಯ ಘಟಕಗಳನ್ನು ಸೇರಿಸುವುದು ಒಳ್ಳೆಯದು. ಸಾಮಾನ್ಯ ಬಳಕೆಯಲ್ಲಿರುವ ಕೆಲವು ಇವು:

ಸ್ಯಾಲಿಸಿಲಿಕ್ ಆಮ್ಲ: ಶೇ. 0.5ರಿಂದ 2ರವರೆಗೆ. ಜಿಡ್ಡಿನಲ್ಲಿ ಕರಗುವ ಗುಣವುಳ್ಳದ್ದರಿಂದ ರಂಧ್ರಗಳೊಳಗಿನ ಅಡಚಣೆಯನ್ನು ಸಡಿಲಿಸುತ್ತದೆ.

ಬೆಂಜಾಯಿಲ್ ಪೆರಾಕ್ಸೈಡ್: ಮೊಡವೆಯ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಶೇ. 2.5ರ ಲೇಪವು ಶೇ. 10ರ ಲೇಪದಷ್ಟೇ ಪರಿಣಾಮಕಾರಿ, ಉರಿ ಕಡಿಮೆ. ಬಟ್ಟೆಗೆ ತಗುಲಿದರೆ ಬಣ್ಣ ಹೋಗುತ್ತದೆ.

ನಯಾಸಿನಮೈಡ್: ಬಿ3 ಜೀವಸತ್ವದ ಒಂದು ರೂಪ. ಶೇ. 2ರಿಂದ 5ರ ಪ್ರಮಾಣದಲ್ಲಿ ತಡೆಗೋಡೆಯನ್ನು ಬಲಪಡಿಸಿ ಕಲೆಗಳನ್ನು ನಿಧಾನವಾಗಿ ತಿಳಿಗೊಳಿಸುತ್ತದೆ. ಹೆಚ್ಚಿನವರಿಗೆ ಒಗ್ಗುತ್ತದೆ.

ಸಿ ಜೀವಸತ್ವ: ಶೇ. 10ರಿಂದ 20ರ ಸೀರಮ್‌ಗಳು ಹೆಚ್ಚು ಬಳಕೆಯಲ್ಲಿವೆ. ಗಾಳಿ ಬೆಳಕಿಗೆ ಬೇಗ ಕೆಡುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದನ್ನು ಬಳಸಬಾರದು.

ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳು: ಮೇಲ್ಪದರದ ಸತ್ತ ಕೋಶಗಳನ್ನು ಬಿಡಿಸುತ್ತವೆ. ಬಿಸಿಲಿಗೆ ಚರ್ಮವನ್ನು ಸೂಕ್ಷ್ಮವಾಗಿಸುತ್ತವೆ.

ಅಜೆಲಾಯಿಕ್ ಆಮ್ಲ: ಮೊಡವೆ ಮತ್ತು ಕಲೆ ಎರಡಕ್ಕೂ ಉಪಯುಕ್ತ.

ರೆಟಿನಾಯ್ಡ್‌ಗಳು: ಎ ಜೀವಸತ್ವದ ವರ್ಗ. ಮೊಡವೆ, ಸುಕ್ಕುಗಳಿಗೆ ಬಹಳ ಅಧ್ಯಯನವಾಗಿರುವ ಘಟಕ. ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು, ಮೊದಲು ವಾರಕ್ಕೆ ಎರಡು ದಿನದಂತೆ ಆರಂಭಿಸಲಾಗುತ್ತದೆ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಬಳಸಬಾರದು.

ಆಮ್ಲ, ರೆಟಿನಾಯ್ಡ್, ಬೆಂಜಾಯಿಲ್ ಪೆರಾಕ್ಸೈಡ್‌ಗಳನ್ನು ಒಟ್ಟಿಗೇ ಆರಂಭಿಸುವುದು ತಡೆಗೋಡೆ ಕೆಡಲು ಸಾಮಾನ್ಯ ಕಾರಣ.

ಹೊಸ ಉತ್ಪನ್ನವನ್ನು ಪರೀಕ್ಷಿಸುವ ಕ್ರಮ

ಹೊಸ ಉತ್ಪನ್ನವನ್ನು ನೇರವಾಗಿ ಮುಖಕ್ಕೆ ಹಚ್ಚದೆ ಮೊದಲು ಮುಂಗೈಯ ಒಳಭಾಗದಲ್ಲಿ ಅಥವಾ ಮೊಣಕೈಯ ಮಡಿಕೆಯಲ್ಲಿ, ನಾಣ್ಯದಗಲದ ಜಾಗದಲ್ಲಿ ದಿನಕ್ಕೆ ಎರಡು ಬಾರಿಯಂತೆ 7ರಿಂದ 10 ದಿನ ಹಚ್ಚಿ ನೋಡಬೇಕೆಂದು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಸೂಚಿಸುತ್ತದೆ. ಕೆಲವು ಅಲರ್ಜಿಗಳು ತಡವಾಗಿ ಕಾಣಿಸಿಕೊಳ್ಳುವುದರಿಂದ ಒಂದೇ ದಿನದ ಪರೀಕ್ಷೆ ಸಾಲದು. ತೊಳೆದುಬಿಡುವ ಉತ್ಪನ್ನವಾದರೆ ಅದು ಮುಖದ ಮೇಲೆ ಇರುವಷ್ಟು ಹೊತ್ತು ಮಾತ್ರ ಬಿಟ್ಟು ತೊಳೆಯಬೇಕು.

ಒಮ್ಮೆಗೆ ಒಂದೇ ಹೊಸ ಉತ್ಪನ್ನವನ್ನು ಸೇರಿಸಿ, ಮುಂದಿನದಕ್ಕೆ ಎರಡರಿಂದ ನಾಲ್ಕು ವಾರ ಕಾಯುವುದು ಈ ಕ್ರಮದ ಎರಡನೆಯ ನಿಯಮ. ಒಂದೇ ದಿನ ನಾಲ್ಕು ಬಗೆಯನ್ನು ಆರಂಭಿಸಿದವರಿಗೆ ಮುಖ ಕೆಂಪಾದಾಗ ದೋಷ ಯಾವುದರದು ಎಂದು ತಿಳಿಯುವುದಿಲ್ಲ. ಚರ್ಮ ಸುಧಾರಿಸಿದರೂ ಶ್ರೇಯ ಯಾವುದಕ್ಕೆ ಸಲ್ಲಬೇಕೆಂದು ತಿಳಿಯುವುದಿಲ್ಲ. ಆರಂಭಿಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡುವುದು, ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಒಂದೇ ಬೆಳಕಿನಲ್ಲಿ ಮುಖದ ಛಾಯಾಚಿತ್ರ ತೆಗೆದುಕೊಳ್ಳುವುದು ಹೋಲಿಕೆಗೆ ನೆರವಾಗುತ್ತವೆ.

ಫಲ ಕಾಣಲು ಬೇಕಾಗುವ ಕಾಲ ಘಟಕದಿಂದ ಘಟಕಕ್ಕೆ ಬೇರೆ. ತೇವಕಾರಕದ ಪರಿಣಾಮ ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಮೊಡವೆಯ ಚಿಕಿತ್ಸೆಗೆ 6ರಿಂದ 12 ವಾರ, ಕಲೆಗಳಿಗೆ ಎರಡು ಮೂರು ತಿಂಗಳು, ಸುಕ್ಕುಗಳಿಗೆ ಮೂರರಿಂದ ಆರು ತಿಂಗಳು ಬೇಕಾದೀತು. ಒಂದೇ ರಾತ್ರಿಯಲ್ಲಿ ಅಥವಾ ಒಂದು ವಾರದಲ್ಲಿ ಮುಖ ಬೆಳ್ಳಗಾಗಿ ನುಣುಪಾದರೆ ಅದು ಸಂತೋಷಪಡುವುದಕ್ಕಿಂತ ಸಂಶಯಪಡಬೇಕಾದ ಸಂಗತಿ.

ರೆಟಿನಾಯ್ಡ್ ಆರಂಭಿಸಿದ ಮೊದಲ ವಾರಗಳಲ್ಲಿ ಮೊಡವೆ ತುಸು ಹೆಚ್ಚುವುದುಂಟು. ಈಗಾಗಲೇ ಮೊಡವೆ ಬರುತ್ತಿದ್ದ ಜಾಗಗಳಲ್ಲೇ ಬಂದು ಕ್ರಮೇಣ ಇಳಿದರೆ ಅದು ತಾತ್ಕಾಲಿಕ. ಹೊಸ ಜಾಗಗಳಲ್ಲಿ ಬೊಕ್ಕೆ, ತುರಿಕೆ, ಬಾವು ಕಂಡರೆ ಅದು ಒಗ್ಗದಿರುವುದರ ಲಕ್ಷಣವಾಗಿದ್ದು, ಉತ್ಪನ್ನವನ್ನು ನಿಲ್ಲಿಸಬೇಕು. ಆಗ ಸಕ್ರಿಯ ಘಟಕಗಳನ್ನೆಲ್ಲ ಬಿಟ್ಟು, ಸೌಮ್ಯ ಶುಚಿಕಾರಕ, ಸುವಾಸನೆಯಿಲ್ಲದ ತೇವಕಾರಕ ಮತ್ತು ಸನ್‌ಸ್ಕ್ರೀನ್‌ಗಳಷ್ಟನ್ನೇ ಕೆಲವು ವಾರ ಮುಂದುವರಿಸಲಾಗುತ್ತದೆ.

ಮಾದರಿ ದಿನಚರಿ

ಬೆಳಿಗ್ಗೆ: ಮುಖ ತೊಳೆಯುವುದು, ಬೇಕಿದ್ದರೆ ಸಿ ಜೀವಸತ್ವ ಅಥವಾ ನಯಾಸಿನಮೈಡ್ ಸೀರಮ್, ತೇವಕಾರಕ, ಕೊನೆಗೆ ಸನ್‌ಸ್ಕ್ರೀನ್.

ರಾತ್ರಿ: ಸನ್‌ಸ್ಕ್ರೀನ್, ಧೂಳು, ಅಲಂಕಾರಗಳು ಹೋಗುವಂತೆ ಮುಖ ತೊಳೆಯುವುದು, ಬೇಕಿದ್ದರೆ ಒಂದು ಸಕ್ರಿಯ ಘಟಕ, ತೇವಕಾರಕ.

ತೆಳುವಾದುದನ್ನು ಮೊದಲು, ಗಟ್ಟಿಯಾದುದನ್ನು ನಂತರ ಹಚ್ಚುವುದು ಸಾಮಾನ್ಯ ಸೂತ್ರ. ದಕ್ಷಿಣ ಕೊರಿಯಾದ ಹೆಸರಿನಲ್ಲಿ ಪ್ರಸಿದ್ಧವಾದ ಹತ್ತು ಹಂತಗಳ ದಿನಚರಿಯು 2010ರ ದಶಕದಲ್ಲಿ ಜಗತ್ತಿನಾದ್ಯಂತ ಪ್ರಚಾರ ಪಡೆಯಿತು. ಹಂತಗಳು ಹೆಚ್ಚಿದಷ್ಟೂ ಖರ್ಚೂ ಅಲರ್ಜಿಯ ಸಾಧ್ಯತೆಯೂ ಹೆಚ್ಚುತ್ತವೆ. ಟೋನರ್, ಶೀಟ್ ಮಾಸ್ಕ್ ಮೊದಲಾದವು ಅನಿವಾರ್ಯವಲ್ಲ. ವಿದ್ಯಾರ್ಥಿಯೊಬ್ಬರು ಮೂರೇ ಉತ್ಪನ್ನಗಳಿಂದ ತೃಪ್ತಿಕರವಾದ ದಿನಚರಿಯನ್ನು ನಡೆಸಬಹುದು.

ಲೇಬಲ್ ಓದುವ ಬಗೆ

ಘಟಕಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು, ಕಡಿಮೆ ಪ್ರಮಾಣದ್ದು ನಂತರ ಬರುತ್ತದೆ. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಮುಚ್ಚಳ ತೆರೆದ ಡಬ್ಬಿಯ ಚಿತ್ರದಲ್ಲಿ 6 ಅಥವಾ 12 ಎಂಬ ಅಂಕಿಯಿದ್ದರೆ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದೆಂದು ಅರ್ಥ. ‘ಸುವಾಸನೆ ಸೇರಿಸಿಲ್ಲ’ ಎನ್ನುವುದೂ ‘ವಾಸನೆಯಿಲ್ಲ’ ಎನ್ನುವುದೂ ಒಂದೇ ಅಲ್ಲ. ಎರಡನೆಯದರಲ್ಲಿ ಮೂಲವಾಸನೆಯನ್ನು ಮರೆಸುವ ದ್ರವ್ಯ ಇರಬಹುದು. ‘ನೈಸರ್ಗಿಕ’, ‘ಚರ್ಮವೈದ್ಯರಿಂದ ಪರೀಕ್ಷಿತ’, ‘ಅಲರ್ಜಿರಹಿತ’ ಎಂಬ ಮಾತುಗಳು ಸುರಕ್ಷತೆಯ ಖಾತರಿಯಲ್ಲ.

ಭಾರತದಲ್ಲಿ ತಯಾರಾದ ಪ್ರಸಾಧನಗಳ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಇರಬೇಕು. ಇವುಗಳಿಲ್ಲದ, ಘಟಕಗಳ ಪಟ್ಟಿಯೇ ಇಲ್ಲದ ಡಬ್ಬಿಯನ್ನು ಕೊಳ್ಳದಿರುವುದು ಕ್ಷೇಮ.

ಮನೆಮದ್ದುಗಳು

ಕಡಲೆಹಿಟ್ಟು, ಮೊಸರು, ಜೇನು, ಅರಿಶಿನ, ತೇಯ್ದ ಗಂಧ ಇವು ಪರಂಪರೆಯಿಂದ ಬಂದ ಲೇಪಗಳು. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲವಿದೆ. ಅರಿಶಿನದ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣವಿದೆಯಾದರೂ ಕೆಲವರಿಗೆ ಅರಿಶಿನವೇ ಅಲರ್ಜಿ ತರುತ್ತದೆ. ಮನೆಯದೆಂಬ ಕಾರಣಕ್ಕೆ ಎಲ್ಲವೂ ನಿರಪಾಯವಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಅದರಲ್ಲಿರುವ ದ್ರವ್ಯಗಳು ಬಿಸಿಲಿನೊಡನೆ ವರ್ತಿಸಿ ಗುಳ್ಳೆ ಮತ್ತು ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಉಂಟಾಗಬಹುದು. ಅಡುಗೆ ಸೋಡಾ ಚರ್ಮದ ಆಮ್ಲೀಯತೆಯನ್ನು ಕೆಡಿಸುತ್ತದೆ. ಮೊಡವೆಗೆ ಹಚ್ಚುವ ಟೂತ್‌ಪೇಸ್ಟ್ ಸುಟ್ಟ ಗಾಯದಂಥ ಕಲೆ ಬಿಡುತ್ತದೆ. ಕೃತಕ ಬಣ್ಣದ ಕುಂಕುಮದಿಂದ ಹಣೆಯಲ್ಲಿ ಕಪ್ಪು ಕಲೆ, ಅಂಟುಬಿಂದಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಬಿಳಿ ಮಚ್ಚೆ ಉಂಟಾಗುವುದು ಭಾರತದ ಚರ್ಮವೈದ್ಯರಿಗೆ ಪರಿಚಿತವಾದ ಸಂಗತಿಗಳು.

ಬಿಳುಪಿನ ಕ್ರೀಮುಗಳು ಮತ್ತು ಅಪಾಯ

ಭಾರತದಲ್ಲಿ ಮುಖದ ಕ್ರೀಮುಗಳ ಮಾರುಕಟ್ಟೆ ಬಹುಕಾಲ ಬಿಳುಪಿನ ಆಸೆಯ ಮೇಲೆ ನಿಂತಿತ್ತು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಕ್ರೀಮಿನ ಹೆಸರನ್ನು ವರ್ಣಭೇದದ ವಿರುದ್ಧ ಎದ್ದ ಟೀಕೆಗಳ ನಡುವೆ 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಬದಲಾಯಿಸಲಾಯಿತು. ಮೈಬಣ್ಣ ಹುಟ್ಟಿನಿಂದ ಬಂದದ್ದು. ಆರೈಕೆಯಿಂದ ಕಲೆ ತಿಳಿಯಾಗಬಹುದು, ಬಿಸಿಲಿನಿಂದ ಕಂದಿದ್ದು ಮರಳಬಹುದು, ಮೂಲಬಣ್ಣ ಬದಲಾಗುವುದಿಲ್ಲ. ಈ ಆಸೆಯನ್ನು ಬಳಸಿಕೊಂಡು ಪ್ರಸಾಧನಗಳಲ್ಲದ ವಸ್ತುಗಳೂ ಮುಖಕ್ಕೆ ಏರಿದುದರಿಂದ ಹಾನಿ ಸಂಭವಿಸಿತು.

ಸ್ಟೀರಾಯ್ಡ್ ಮುಲಾಮುಗಳು

ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಮೊದಲಾದ ಸ್ಟೀರಾಯ್ಡ್‌ಗಳು ಇಸಬು, ಸೋರಿಯಾಸಿಸ್ ಮುಂತಾದ ರೋಗಗಳಿಗೆ ವೈದ್ಯರ ನಿಗಾದಲ್ಲಿ ಬಳಸಬೇಕಾದ ಬೆಲೆಯುಳ್ಳ ಔಷಧಗಳು. ಕ್ಲಿಗ್‌ಮನ್ 1975ರಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಬೆರೆಸಿದ ಮಿಶ್ರಣವನ್ನು ಕಲೆಗಳ ಚಿಕಿತ್ಸೆಗೆ ವರ್ಣಿಸಿದರು. ಅದರ ಬದಲಾದ ರೂಪಗಳು ಬಂಗಿನ ಅಲ್ಪಾವಧಿ ಚಿಕಿತ್ಸೆಗೆ ಇಂದಿಗೂ ಬಳಕೆಯಲ್ಲಿವೆ. ಭಾರತದಲ್ಲಿ ಇಂತಹ ಮಿಶ್ರಣಗಳು ಅಂಗಡಿಯವರ, ನೆರೆಯವರ, ಬಂಧುಗಳ ಸಲಹೆಯ ಮೇರೆಗೆ ದಿನಬಳಕೆಯ ಕ್ರೀಮುಗಳಾಗಿ ಹರಡಿದವು.

ಮೊದಲ ದಿನಗಳಲ್ಲಿ ಮುಖ ಬೆಳ್ಳಗೆ, ನುಣುಪಾಗಿ ಕಾಣುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ತೋರುತ್ತವೆ, ಮೊಡವೆಯಂಥ ಬೊಕ್ಕೆಗಳು ಏಳುತ್ತವೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ. ಕ್ರೀಮು ನಿಲ್ಲಿಸಿದ ಕೂಡಲೇ ಉರಿ, ಕೆಂಪು, ಬಾವು ಉಲ್ಬಣಿಸುವುದರಿಂದ ಬಳಸುವವರು ಮತ್ತೆ ಅದನ್ನೇ ಹಚ್ಚುತ್ತಾರೆ. ಈ ಅವಲಂಬನೆಯ ಸ್ಥಿತಿಯನ್ನು ಭಾರತೀಯ ಚರ್ಮವೈದ್ಯರು ‘ಸ್ಟೀರಾಯ್ಡ್‌ನಿಂದ ಹಾನಿಗೊಂಡ ಮುಖ’ ಎಂಬ ಪ್ರತ್ಯೇಕ ರೋಗವಾಗಿ ಗುರುತಿಸಿದ್ದಾರೆ. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಗಾಗಿ ಬಂದ 2926 ರೋಗಿಗಳ ಪೈಕಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದುದು ಕಂಡುಬಂದಿತು.

ಭಾರತೀಯ ಚರ್ಮವೈದ್ಯರ ಸಂಘವು ಈ ದುರ್ಬಳಕೆಯ ವಿರುದ್ಧ ಪ್ರಚಾರ ನಡೆಸಿತು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಮೈಗೆ ಹಚ್ಚುವ 14 ಸ್ಟೀರಾಯ್ಡ್ ತಯಾರಿಕೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ‘ಹೆಚ್’ ಅನುಸೂಚಿಗೆ ಸೇರಿಸಿತು. ಟ್ಯೂಬಿನ ಮೇಲೆ ಅನುಸೂಚಿಯ ಎಚ್ಚರಿಕೆಯಿದ್ದರೆ, ಅಥವಾ ಘಟಕದ ಹೆಸರು ‘ಸೋನ್’, ‘ಸೋಲ್’, ‘ಲೋನ್’ ಎಂದು ಕೊನೆಗೊಂಡಿದ್ದರೆ ಅದು ಸ್ಟೀರಾಯ್ಡ್ ಆಗಿರುವ ಸಂಭವವಿದೆ. ಹಚ್ಚುವ ಮೊದಲು ವೈದ್ಯರನ್ನು ಕೇಳಬೇಕು. ಬಹುಕಾಲದಿಂದ ಬಳಸುತ್ತಿರುವವರು ತಾವಾಗಿ ಥಟ್ಟನೆ ನಿಲ್ಲಿಸದೆ ಚರ್ಮವೈದ್ಯರ ನೆರವಿನಿಂದ ಹಂತಹಂತವಾಗಿ ಬಿಡುವುದು ಉಚಿತ.

ಪಾದರಸ

ಪಾದರಸದ ಲವಣಗಳು ಮೆಲನಿನ್ ತಯಾರಿಯನ್ನು ತಡೆಯುತ್ತವೆ. ಚರ್ಮದ ಮೂಲಕ ದೇಹವನ್ನು ಸೇರಿ ಮೂತ್ರಪಿಂಡ ಮತ್ತು ನರಗಳಿಗೆ ಹಾನಿ ಮಾಡುತ್ತವೆ. 2013ರ ಮಿನಮಾಟ ಒಪ್ಪಂದವು ಪಾದರಸ ಸೇರಿಸಿದ ಪ್ರಸಾಧನಗಳ ತಯಾರಿಕೆಯನ್ನು ಕೊನೆಗಾಣಿಸಲು ನಿರ್ಧರಿಸಿತು. ಭಾರತದ 2020ರ ಪ್ರಸಾಧನ ನಿಯಮಗಳ ಪ್ರಕಾರ, ಕಣ್ಣಿನ ಸುತ್ತ ಬಳಸುವವನ್ನು ಬಿಟ್ಟು ಉಳಿದ ಪ್ರಸಾಧನಗಳಲ್ಲಿ ಉದ್ದೇಶವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದು. ಆದರೂ ಲೇಬಲ್ಲಿಲ್ಲದ ಕ್ರೀಮುಗಳು ಮಾರುಕಟ್ಟೆಯಲ್ಲಿ ಸಿಗುತ್ತಲೇ ಇವೆ. ಕೇರಳದ ವೈದ್ಯರು 2021ರಿಂದ 2023ರ ನಡುವೆ ಕಂಡ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳಲ್ಲಿ 15 ರೋಗಿಗಳಿಗೆ ಸಾಮಾನ್ಯವಲ್ಲದ ಒಂದು ಉಪವಿಧದ ರೋಗವಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸುತ್ತಿದ್ದರು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಗುಳಿ ಅಥವಾ ಗಂಟು ಬಿಡುವ ಮೊಡವೆ, ಮೂರು ತಿಂಗಳ ಕ್ರಮಬದ್ಧ ಆರೈಕೆಗೂ ಜಗ್ಗದ ಕಲೆ, ಮೂಗು ಕೆನ್ನೆಗಳ ಮೇಲೆ ಮಾಯದ ಕೆಂಪು, ಸ್ಪರ್ಶಜ್ಞಾನವಿಲ್ಲದ ಮಚ್ಚೆ, ಆಕಾರ ಅಥವಾ ಬಣ್ಣ ಬದಲಿಸುತ್ತಿರುವ ಮಚ್ಚೆ, ವಾಸಿಯಾಗದ ಹುಣ್ಣು ಇವುಗಳಿಗೆ ಪ್ರಸಾಧನಗಳು ಪರಿಹಾರವಲ್ಲ. ಯುವತಿಯರಲ್ಲಿ ಮೊಡವೆಯೊಂದಿಗೆ ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು ಕಂಡರೆ ಹಾರ್ಮೋನಿನ ತೊಂದರೆ ಇರಬಹುದು. ಕ್ರೀಮು ಬಳಸುತ್ತಿರುವವರಿಗೆ ಕಾಲು ಅಥವಾ ಮುಖ ಊದಿಕೊಂಡರೆ, ಮೂತ್ರ ನೊರೆಯಾಗಿ ಹೋದರೆ ವಿಳಂಬಿಸದೆ ವೈದ್ಯರನ್ನು ಕಂಡು, ಬಳಸುತ್ತಿರುವ ಡಬ್ಬಿಯನ್ನೂ ತೋರಿಸಬೇಕು. ಜಿಲ್ಲಾ ಆಸ್ಪತ್ರೆಗಳಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗಗಳಿರುತ್ತವೆ.